ಹದಿನಾಲ್ಕು ಸ್ಲೈಡು

ಮಾರ್ಚ್ 3, ಸೋಮವಾರ

ಲ್ಯಾಬಿನ ಒಡೆಲ್‌ನಿಂದ ಊರಿನ ನೀರಿನ ವರದಿ ಬಂತು. ನಲವತ್ತೊಂದು ಪುಟ. ನಾಳೆ ನಾಲ್ಕಕ್ಕೆ ನಗರಸಭೆಯ ಮೀಟಿಂಗ್, ಅಷ್ಟರೊಳಗೆ ಹದಿನಾಲ್ಕು ಸ್ಲೈಡ್ ಆಗಬೇಕು — ನಮ್ಮ ಡೈರೆಕ್ಟರ್ ವರ್ಲಿನ್‌ನ ಅಪ್ಪಣೆ. ಸ್ಲೈಡಿಗೆ ಐದೇ ಸಾಲು. ಆರನೆಯ ಸಾಲಿಗೆ ಕೌನ್ಸಿಲರುಗಳು ಆಕಳಿಸುತ್ತಾರಂತೆ. ಸುಳ್ಳೇನಲ್ಲ.

ಪೂರ್ತಿ ಓದುತ್ತ ಕೂರಲು ಯಾರಿಗೆ ಪುರುಸೊತ್ತು? ಶೀರ್ಷಿಕೆ ಎಂದು ಗುರುತು ಹಾಕಿದ ಸಾಲುಗಳನ್ನಷ್ಟೇ ಕಂಪ್ಯೂಟರ್ ಎತ್ತಿ ಸ್ಲೈಡಿಗೆ ಹಾಕುತ್ತದೆ. ಮಿಕ್ಕಿದ್ದು ವರದಿಯಲ್ಲೇ ಉಳಿಯುತ್ತದೆ. ಹನ್ನೆರಡು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೇನೆ. ಉದ್ದುದ್ದ ಶೀರ್ಷಿಕೆ ಸರಿಮಾಡಿ, ಬಣ್ಣ ಕೊಟ್ಟು, ಮೂರಕ್ಕೆ ಮುಗಿಸಿದೆ.

ಮಾರ್ಚ್ 4

ಇಪ್ಪತ್ತೇ ನಿಮಿಷ. ಸಭೆಯಲ್ಲಿ ಸ್ಲೈಡುಗಳನ್ನು ನಾನೇ ಓದಿದೆ. ಕೊನೆಯ ಸ್ಲೈಡ್: ಊರಿನ ನೀರು ಸುರಕ್ಷಿತ. ಚಪ್ಪಾಳೆ ಬೇರೆ. ಹಳೆ ಪೈಪು ಬದಲಿಸುವ ಕೆಲಸ ಮುಂದಿನ ವರ್ಷಕ್ಕೆ ಹಾಕಿದರು.

ಮೂರನೇ ಸಾಲಿನಲ್ಲಿ ಒಡೆಲ್ ಟೋಪಿ ತಿರುಗಿಸುತ್ತ ಕೂತಿದ್ದ. ಅವನದು ಮಾತೇ ಕಮ್ಮಿ. ಹೋಗುವಾಗ, ಬೇರೆ ಥರ ಇತ್ತು, ಅಂದ. ನಮ್ಮ ಮಿನೆಸೋಟಾದಲ್ಲಿ ಅದು ಹೊಗಳಿಕೆಯಲ್ಲ. ಏನು ಹುಳುಕು ಕಂಡನೋ... ಕೇಳಲಿಲ್ಲ.

ಮಾರ್ಚ್ 11, ಬೆಳಿಗ್ಗೆ 9.30

ಒಡೆಲ್ ಒಂದು ಟ್ರೇ ತುಂಬ ನಿಂಬೆಯ ಸಿಹಿ ತಂದು ನನ್ನ ಮೇಜಿನ ಮೇಲಿಟ್ಟ. ಏನು ವಿಶೇಷವೋ. ಹವಾಮಾನದ ಬಗ್ಗೆ ಮಾತಾಡಿದ. ಕೆರೆಯ ಮೇಲಿನ ಮಂಜುಗಡ್ಡೆ ಎಷ್ಟು ದಪ್ಪ ಅಂತ ಮಾತಾಡಿದ. ಕೊನೆಗೆ ಗೋಡೆ ನೋಡಿಕೊಂಡು, "ಆರ್ಲಿಸ್, ಇಪ್ಪತ್ತಾರನೇ ಪುಟ ನೋಡಿದ್ಯಾ? ಪುರುಸೊತ್ತಾದಾಗ ನೋಡು" ಅಂದ.

ನೋಡಿದೆ.

ದೇವರೇ. ಪ್ರೈಮರಿ ಶಾಲೆಯ ಕುಡಿಯುವ ನೀರಿನ ನಲ್ಲಿಗಳಲ್ಲಿ ಸೀಸ. ಮಿತಿಯ ನಾಲ್ಕು ಪಟ್ಟು. ನಲ್ಲಿಗಳನ್ನು ತಕ್ಷಣ ಮುಚ್ಚಬೇಕು ಎಂದು ಬರೆದಿದ್ದಾನೆ. ಪುರುಸೊತ್ತಾದಾಗ ನೋಡಬೇಕಂತೆ! ನನ್ನ ಸ್ಲೈಡುಗಳಲ್ಲಿ ಇದರ ಸುಳಿವೇ ಇಲ್ಲ.

10.15

ಲ್ಯಾಬಿಗೆ ಹೋಗಿ ಕೂಗಾಡಿದೆ. ಇಷ್ಟು ದೊಡ್ಡ ವಿಷಯಕ್ಕೆ ಒಂದು ಶೀರ್ಷಿಕೆ ಹಾಕಲು ನಿನಗೇನು ಧಾಡಿ ಅಂದೆ. ಸಭೆಯಲ್ಲಿ ಬಾಯಿಗೆ ಏನು ಬಡಿದಿತ್ತು ಅಂದೆ.

"ಅಷ್ಟು ಜನರ ಮುಂದೆ ನಿನ್ನ ತಪ್ಪು ಎತ್ತಿ ಆಡೋದು ಚೆನ್ನಾಗಿರಲ್ಲ ಅನ್ನಿಸ್ತು."

ನನ್ನ ತಪ್ಪೇ? ತಾನು ಕಳಿಸಿದ ಫೈಲ್ ತೆರೆದ. ಆ ಸಾಲು ಶೀರ್ಷಿಕೆಯಾಗಿಯೇ ಇದೆ, ದಪ್ಪಕ್ಷರದಲ್ಲಿ, ಎರಡೂವರೆ ಸಾಲು ಉದ್ದ. ಆಮೇಲೆ ಆಫೀಸಿನ ಪ್ರತಿಯಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ಪಟ್ಟಿ ತೆರೆದ. ಮಾರ್ಚ್ 3, ಮಧ್ಯಾಹ್ನ 1.52. ಶೀರ್ಷಿಕೆಯ ಗುರುತು ತೆಗೆದು ಸಾದಾ ಅಕ್ಷರ. ಬದಲಿಸಿದವರು: ಆರ್ಲಿಸ್ ಮಾಕಿ.

ನಾನು. ಓದದೆ. ಐದು ಸಾಲಿನ ಸ್ಲೈಡಿಗೆ ಹಿಡಿಸುವುದಿಲ್ಲ ಅಂತ.

ಒಡೆಲ್ ಒಂದು ಲೋಟ ನೀರು ತಂದುಕೊಟ್ಟ. ಕುಡಿಯಲಾಗಲಿಲ್ಲ.

11.00

ವರ್ಲಿನ್‌ಗೆ ಹೇಳಿದೆ. ಬಿಳಿಚಿಕೊಂಡ. ಮುಂದಿನ ಸಭೆಯಲ್ಲಿ ಮೆತ್ತಗೆ ಇನ್ನೊಂದು ಸ್ಲೈಡ್ ಸೇರಿಸೋಣ ಅಂದ. ಆ ಸಭೆ ಇರುವುದು ಏಪ್ರಿಲ್‌ನಲ್ಲಿ. ಮಕ್ಕಳು ಇವತ್ತು ಕುಡಿಯುತ್ತಾರಲ್ಲ ಅಂದರೆ ಕಿಟಕಿ ಕಡೆ ತಿರುಗಿದ. ನಾನು ಎದ್ದು ಬಂದೆ.

12.40

ಶಾಲೆಗೆ ನಾನೇ ಫೋನ್ ಮಾಡಿದೆ; ಆಗಿನಿಂದ ಎಂಗೇಜ್ ಬರುತ್ತಿತ್ತು, ಈಗ ಸಿಕ್ಕಿತು. ಮುಖ್ಯೋಪಾಧ್ಯಾಯಿನಿ ರೆನಾಟಾ ಜೂಪಾನ್ ಎತ್ತಿದರು. ನನ್ನ ಹೆಸರು ಕೇಳಿದ್ದೇ ತಡ, ಥ್ಯಾಂಕ್ಸ್ ಮೇಲೆ ಥ್ಯಾಂಕ್ಸ್.

"ನೀರು ಒಳ್ಳೇದಾ ಅಂತ ಅಪ್ಪ ಅಮ್ಮಂದಿರು ಕೇಳ್ತಾನೇ ಇದ್ರು. ಮಕ್ಕಳ ಕೈಲಿ ಬಾಟಲಿ ಕೊಟ್ಟು ಕಳಿಸ್ತಿದ್ರು. ನಿಮ್ಮ ಕೊನೇ ಸ್ಲೈಡ್ ಪ್ರಿಂಟ್ ತೆಗೆದು ಎಲ್ಲಾ ನಲ್ಲಿ ಮೇಲೂ ಅಂಟಿಸಿದ್ವಿ ನೋಡಿ. ಈಗ ಯಾರೂ ಬಾಟಲಿ ತರಲ್ಲ."

ಊಟದ ಬೆಲ್ ಈಗ ತಾನೇ ಆಯಿತು, ಮಕ್ಕಳು ನಲ್ಲಿ ಮುಂದೆ ಸಾಲಾಗಿ ನಿಂತಿದ್ದಾರೆ, ಎಷ್ಟು ಶಿಸ್ತು ಅಂತೀರಿ... ಅವರು ಹೇಳುತ್ತಲೇ ಇದ್ದರು. ಜನ್ಮದಲ್ಲಿ ಮೊದಲ ಸಲ ಒಬ್ಬರ ಮಾತನ್ನು ನಡುವೆ ತುಂಡರಿಸಿದೆ.

"ನಿಲ್ಲಿಸಿ. ಯಾರನ್ನೂ ಕುಡಿಯೋಕೆ ಬಿಡಬೇಡಿ. ನೀರಲ್ಲಿ ಸೀಸ ಇದೆ. ಆ ಸ್ಲೈಡ್ ತಪ್ಪು, ಮಾಡಿದವಳು ನಾನೇ."

ಫೋನ್ ಕೆಳಗಿಟ್ಟು ಓಡಿದ ಸದ್ದು. ಅವರ ಕೂಗು. ಮಕ್ಕಳ ಗಲಾಟೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಫೋನಿಗೆ ಬಂದರು. ಏದುಸಿರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು —

"ಹಾಗಾದ್ರೆ ಈ ಒಂದು ವಾರ ಕುಡಿದಿದ್ದು?"

ನಾನು ಇಪ್ಪತ್ತಾರನೇ ಪುಟ ತೆರೆದು, ಒಂದು ಸಾಲೂ ಬಿಡದೆ ಅವರಿಗೆ ಓದಿ ಹೇಳತೊಡಗಿದೆ.