ಕತ್ತಿ ಇರುವಾಗ ಮಾತಿಲ್ಲ

ಅಂಗಡಿಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಮನೆಯ ಯಜಮಾನಿಗೆ, ಯಜಮಾನನೆಂದು ಹೇಳಿಕೊಂಡು ಓಡಾಡುವವನ ಪ್ರೀತಿಯ ನೆನಪುಗಳು.

ಹೇಗಿದ್ದೀಯ? ನಿಮ್ಮಕ್ಕನ ಮೊಣಕಾಲಿನ ಹೊಲಿಗೆ ಬಿಚ್ಚಿದರೇ? ಮೆಟ್ಟಿಲು ಹತ್ತುವ ಅವಸರ ಬೇಡ ಎಂದು ನಾನು ಹೇಳಿದೆನೆಂದು ಹೇಳು. ಅವರು ಕೇಳುವುದಿಲ್ಲ, ಆದರೂ ಹೇಳು. ನಿನ್ನ ಸೊಂಟನೋವು ಹೇಗಿದೆ? ಅವರನ್ನು ಎತ್ತಿ ಕೂರಿಸುವ ಭರದಲ್ಲಿ ನೀನು ಮಲಗಿಬಿಡಬೇಡ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನನ್ನ ಅಡುಗೆ ಮೂರು ಸಲ ತಳ ಹಿಡಿಯಿತು, ನಾಲ್ಕನೇ ದಿನದಿಂದ ಮಗಳೇ ಮಾಡುತ್ತಿದ್ದಾಳೆ. ಗಿಡಗಳಿಗೆ ತಪ್ಪದೆ ನೀರು ಹಾಕುತ್ತಿದ್ದೇನೆ; ಒಂದು ಒಣಗಿದೆ, ಯಾವುದೆಂದು ಬಂದಾಗ ನೋಡುವೆಯಂತೆ. ಅಂದು ಬಸ್ಸಿನ ಕಿಟಕಿಯಿಂದ ನೀನು ಏನೋ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಅದೇನೆಂದು ಬರೆ. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನಾನು ಮಾತಾಡುತ್ತೇನೆ, ನೀನು ಹೂಂಗುಟ್ಟುತ್ತೀಯ, ಕೊನೆಗೆ ಬ್ಯಾಟರಿ ಮುಗಿಯುತ್ತದೆ.

ಈಗ ಸುದ್ದಿ. ಮಗಳು ಆ ಅಭ್ಯರ್ಥಿಯ ಚುನಾವಣಾ ಕಚೇರಿ ಸೇರಿದಾಗ ಫೋನ್ ಹಿಡಿದುಕೊಂಡು ಕೂರುವುದೂ ಒಂದು ಕೆಲಸವೇ ಎಂದು ನಾನು ನಕ್ಕಿದ್ದೆ. ನಗಬಾರದಿತ್ತು. ಅಭ್ಯರ್ಥಿ ಕೈ ಮುಗಿಯುವ ಫೋಟೋ, ನಿಧಾನಗತಿಯಲ್ಲಿ ನಡೆದು ಬರುವ ವಿಡಿಯೋ, ಅದಕ್ಕೊಂದು ಭರ್ಜರಿ ಸಂಗೀತ, ಇಷ್ಟೆಲ್ಲ ಹಾಕಿದರೂ ಜನ ಹೆಬ್ಬೆರಳಿನಿಂದ ಒಮ್ಮೆ ತಳ್ಳಿ ಮುಂದೆ ಹೋಗುತ್ತಾರಂತೆ. ಎದುರಾಳಿಯ ಪುಟಕ್ಕೆ ಇವರಿಗಿಂತ ನಾಲ್ಕು ಪಟ್ಟು ಲೈಕು. ಕಚೇರಿಯ ಮೇಲ್ವಿಚಾರಕರು ಮಗಳನ್ನು ಕರೆದು, ಶನಿವಾರದ ಲೈವನ್ನು ಸಾವಿರ ಜನವಾದರೂ ನೋಡದಿದ್ದರೆ ಬೇರೆ ಕೆಲಸ ಹುಡುಕಿಕೋ ಎಂದುಬಿಟ್ಟರು. ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಅಂಗಡಿಗೆ ಬಂದು, "ಅಪ್ಪಾ, ನಿನ್ನ ಅಂಗಡಿ ಒಂದು ಗಂಟೆ ಕೊಡ್ತೀಯಾ?" ಎಂದಳು. ಸಾಮಾನ್ಯ ಜನ ಹೋಗುವ ಅಂಗಡಿಯಲ್ಲಿ ಅಭ್ಯರ್ಥಿಗೆ ಕ್ಷೌರ, ಜೊತೆಗೆ ಮತದಾರರ ಪ್ರಶ್ನೆಗಳಿಗೆ ನೇರ ಉತ್ತರ, ಇದು ಅವಳ ಯೋಜನೆ. ಮೊದಲ ಕೆಲಸ ಹೋಗುವ ಭಯ ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಒಂದು ಗಂಟೆ ಯಾಕೆ, ಇಡೀ ದಿನ ತಗೋ ಎಂದೆ.

ಶನಿವಾರ ಅಂಗಡಿಯ ಚಂದ ನೀನು ನೋಡಬೇಕಿತ್ತು. ಕನ್ನಡಿಗಳು ಫಳಫಳ. ಬಳೆಯಂತೆ ದುಂಡಗಿನ ದೀಪವನ್ನು ತಂದು ಎರಡನೇ ಕುರ್ಚಿಯ ಮೇಲೆ ಇಡಲು ಹೋದರು. ಊಟದ ಡಬ್ಬಿ ತಂದು, ನನ್ನ ಮಾತು ಮುಗಿಯಲಿ ಎಂದು ನೀನು ಕಾಯುತ್ತ ಕೂರುವ ಕುರ್ಚಿ ಅದು. ಅಲ್ಲಿ ಮಾತ್ರ ಬೇಡ ಎಂದು ಗದರಿದೆ. ಅಭ್ಯರ್ಥಿ ಇದಕ್ಕೆಂದೇ ನಾಲ್ಕು ದಿನದ ಗಡ್ಡ ಬಿಟ್ಟುಕೊಂಡು ಬಂದಿದ್ದರು. ಗುಂಡು ಗುಂಡಾದ ಮನುಷ್ಯ, ಒಳ್ಳೆಯ ಕೆನ್ನೆ, ಕತ್ತಿ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ. ಮಗಳ ಕೈಯಲ್ಲಿ ಐದು ಪ್ರಶ್ನೆಗಳ ಚೀಟಿ. ಕೇಳುವವರು ಅವರ ಕಡೆಯವರೇ, ಉತ್ತರಗಳೂ ಬಾಯಿಪಾಠ. ನನಗೊಂದೇ ಕಟ್ಟಪ್ಪಣೆ: "ರೇಡಿಯೋ ಆಫ್, ಅಪ್ಪಾ." ಗಿರಾಕಿಗಳು ನನಗೆ ಇಟ್ಟ ಹೆಸರನ್ನು ಹೆತ್ತ ಮಗಳೂ ಹಿಡಿದುಕೊಂಡಿದ್ದಾಳೆ, ಯಾರನ್ನು ದೂರಲಿ!

ಲೈವ್ ಶುರುವಾಯಿತು. ನಾನು ನೊರೆ ಹಚ್ಚಿ, ಕತ್ತಿ ತೆಗೆದು, ಗಂಟಲಿನ ಹತ್ತಿರ ಇಟ್ಟೆ. ಅಷ್ಟರಲ್ಲಿ ಮಗಳು ಮೊದಲ ಪ್ರಶ್ನೆ ಓದಿದಳು, ಅವರು "ನನ್ನ ಪ್ರೀತಿಯ ಬಂಧುಗಳೇ" ಎಂದು ದವಡೆ ಆಡಿಸಿದರು. ಮೂವತ್ತು ವರ್ಷದ ಅಭ್ಯಾಸ ನೋಡು, ಎದುರಿಗಿರುವುದು ಅಭ್ಯರ್ಥಿಯೋ ಅರಸನೋ ಕೈಗೆ ಗೊತ್ತಾಗುವುದಿಲ್ಲ. ಗಲ್ಲ ಹಿಡಿದು ಬಾಯಿ ಮುಚ್ಚಿಸಿ, "ಕತ್ತಿ ಇರುವಾಗ ಮಾತಿಲ್ಲ" ಎಂದುಬಿಟ್ಟೆ. ಅವರು ಕಣ್ಣು ಬಿಟ್ಟುಕೊಂಡು ಗಪ್‌ಚಿಪ್. ಮೇಲ್ವಿಚಾರಕರು ಬಾಗಿಲಲ್ಲಿ ತಲೆ ಮೇಲೆ ಕೈ ಹೊತ್ತು ನಿಂತರು. ಆದರೆ ಅರ್ಧ ಕೆನ್ನೆಯಲ್ಲಿ ನಿಲ್ಲಿಸುವುದು ಹೇಗೆ?

ಮಗಳು ಉಳಿದ ನಾಲ್ಕು ಪ್ರಶ್ನೆಗಳನ್ನೂ ಓದಿ ಮುಗಿಸಿದಳು. ಸುಮ್ಮನಿರಲಾಗದೆ ಫೋನಿನಲ್ಲಿ ನಿಜವಾಗಿ ಬರುತ್ತಿದ್ದುದನ್ನೇ ಓದತೊಡಗಿದಳು. ಬಸ್ ನಿಲ್ದಾಣಕ್ಕೆ ನೆರಳಿಲ್ಲ ಎಂದು ಒಬ್ಬ ಗರ್ಭಿಣಿ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು ಎಂದು ಒಬ್ಬ ತಾಯಿ. ಆಸ್ಪತ್ರೆಯ ಚೀಟಿಯ ಅಕ್ಷರ ಓದಲಾಗುವುದಿಲ್ಲ ಎಂದು ಒಬ್ಬ ಅಜ್ಜ. ಅಭ್ಯರ್ಥಿ ಮೊದಲು ಚಡಪಡಿಸಿದರು, ಆಮೇಲೆ ಕೇಳಿಸಿಕೊಂಡರು. ಚಿಲಕದ ಮಾತು ಬಂದಾಗ ಕನ್ನಡಿಯಲ್ಲಿ ಅವರ ಕಣ್ಣು ನೋಡಿದೆ, ನಾಟಕ ಇರಲಿಲ್ಲ. ಹನ್ನೊಂದು ನಿಮಿಷ! ಕೊನೆಯಲ್ಲಿ ಕೆನ್ನೆಯ ಮೇಲೆ ಸಣ್ಣದೊಂದು ಗೀರು ಬಿತ್ತು. ಆ ದುಂಡು ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೇ.

ಮುಖ ಒರೆಸಿಕೊಂಡ ಮೇಲೆ ಅವರು ಬಂಧುಗಳೇ ಎನ್ನಲಿಲ್ಲ. "ಯಾವ ಶಾಲೆ?" ಎಂದು ಕೇಳಿದರು, ಅಷ್ಟೇ. ನೋಡಿದವರು ಸಾವಿರವಲ್ಲ, ನಲವತ್ತು ಸಾವಿರ. ಮಾತಾಡದ ರಾಜಕಾರಣಿಯನ್ನು ಜನ ಒಬ್ಬರಿಗೊಬ್ಬರು ಕಳಿಸಿಕೊಂಡು ನೋಡಿದರಂತೆ. ಬುಧವಾರ ಆ ಶಾಲೆಯ ಬಾಗಿಲಿಗೆ ಚಿಲಕ ಬಂದಿದೆ. ಮಗಳು ತಾನೇ ಹೋಗಿ ಹಾಕಿ ತೆಗೆದು ನೋಡಿ ಬಂದಳು. ನೆರಳು ಇನ್ನೂ ಬಂದಿಲ್ಲ. ಗೆದ್ದ ಮೇಲೂ ಈ ಮನುಷ್ಯ ಹೀಗೇ ಇರುತ್ತಾನೆಂದು ನಾನೇನೂ ಬರೆದುಕೊಡುವುದಿಲ್ಲ. ಎದುರಾಳಿ ಸುಮ್ಮನಿರುತ್ತಾರೆಯೇ? ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಾಯಿ ತೆರೆದುಕೊಂಡು ಲೈವ್ ಬಂದರಂತೆ. ಜನ ಹಲ್ಲು ಎಣಿಸಿ ಹೋದರು.

ಮಗಳ ಕೆಲಸ ಗಟ್ಟಿಯಾಯಿತು. ಇನ್ನು ಪ್ರತಿ ಶನಿವಾರ ನಮ್ಮ ಅಭ್ಯರ್ಥಿ ಬಾಯಿ ಮುಚ್ಚಿ ಕೂರುವುದು, ಅವಳು ಓದುವುದು. ಚೀಟಿ ಇಲ್ಲದಿದ್ದರೆ ಮಾತ್ರ ಓದುತ್ತೇನೆ ಎಂದು ಮೇಲ್ವಿಚಾರಕರಿಗೇ ಹೇಳಿದಳಂತೆ. ನಮ್ಮ ಮಗಳ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿದೆ. ನಿಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಭಾವನಿಗೆ ಗಡ್ಡ ಬಿಟ್ಟಿರಲು ಹೇಳು, ಬಂದಾಗ ನೋಡಿಕೊಳ್ಳುತ್ತೇನೆ. ನಿನ್ನ ಆರೋಗ್ಯ ಜೋಪಾನ.

ನಿನ್ನ,
ರೇಡಿಯೋ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ, ಅಂಚೆಗೆ ಹೊತ್ತಾಯಿತು. ಕೆನ್ನೆ ಗೀರಿದ್ದು ದೀಪದಿಂದ ಅಲ್ಲ. ಮಗಳು ಆಗ ಒಂದು ಸಾಲು ಓದಿದ್ದಳು: "ಕ್ಷೌರದವರೇ, ನಿಮ್ಮ ಮನೆಯವರೂ ಒಂದು ಮಾತು ಹೇಳ್ಬೇಕು ಅಂತ ಕಾಯ್ತಿದ್ದಾರೆ. ಅವರ ಸರದಿ ಯಾವಾಗ?" ಬರೆದವರ ಹೆಸರಿದ್ದ ಕಡೆ 'ಎರಡನೇ ಕುರ್ಚಿ' ಎಂದಿತ್ತು. ಬಸ್ಸಿನದೂ ತಪ್ಪಿಲ್ಲ, ಅದು ಐದು ನಿಮಿಷ ನಿಂತಿತ್ತು. ನಾನೇ ಡ್ರೈವರಿಗೆ ದಾರಿ ಹೇಳಿಕೊಡುತ್ತಿದ್ದೆ. ಹೇಳಬೇಕೆಂದಿದ್ದುದನ್ನು ಕಾಗದದಲ್ಲಿ ಬರೆಯಬೇಡ, ಬಂದು ಹೇಳು. ನೀನು ಬರುವ ದಿನ ಅಂಗಡಿಗೆ ಬೀಗ ಹಾಕಿ, ನಾನೇ ಮೊದಲನೇ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡು ಕೂತಿರುತ್ತೇನೆ. ಕತ್ತಿ ನಿನ್ನ ಕೈಯಲ್ಲಿರಲಿ. ಹನ್ನೊಂದು ನಿಮಿಷ ಸಾಲದಿದ್ದರೆ ಇನ್ನೊಮ್ಮೆ ನೊರೆ ಹಚ್ಚು.