ನೆರೆಯವನ ಪಂಪು

ಜೂನ್ 11
ಮತ್ತೆ ಪಂಪಿನ ಪರೀಕ್ಷೆ. ಒಂದು ಬಾವಿಯಿಂದ ನೀರೆತ್ತುವುದು, ಪಕ್ಕದ ಬಾವಿಯಲ್ಲಿ ಮಟ್ಟ ಎಷ್ಟು ಇಳಿಯಿತೆಂದು ಅಳೆಯುವುದು. ಕಡಿಮೆ ಇಳಿದರೆ ನೆಲದೊಳಗೆ ನೀರು ಧಾರಾಳ. ಫರ್ಗಾನಾ ಕಣಿವೆಯಲ್ಲಿ ಇದರಲ್ಲೇ ಕೂದಲು ನೆರೆಯಿತು ನನಗೆ. ಈ ಸಲ ಟೇಪು ಹಿಡಿಯುವುದು ನಾನು, ಲೆಕ್ಕ ಆಫೀಸಿನ ಹೊಸ ಹುಡುಗಿ ಮುಕದ್ದಸಳದು. ತಾಷ್ಕೆಂಟಿನಿಂದ ಬಂದು ವರ್ಷವಾಗಿಲ್ಲ... "ಓಪಾ, ಓಪಾ" ಎಂದು ಹಿಂದೆಯೇ ಸುತ್ತುತ್ತಾಳೆ. ಅಕ್ಕನಂತೆ, ಅಕ್ಕ.

ಜೂನ್ 14
ಮಟ್ಟ ಒಂದು ಗೇಣೂ ಇಳಿದಿಲ್ಲ. ಆಫೀಸಿನಲ್ಲಿ ಸಂಭ್ರಮ. ಸಾಹೇಬರು ಸೈದುಲ್ಲಾ ಆಕಾ, ಆಫೀಸಿಗೆಲ್ಲ ಅಣ್ಣ, ತಾವೇ ಚಹಾ ಸುರಿದರು. ಅವಳ ಬಟ್ಟಲಿಗೆ ಅರ್ಧ, ಮರ್ಯಾದೆಯಿಂದ. ನನ್ನದಕ್ಕೆ ಅಂಚಿನವರೆಗೆ — ಕುಡಿದು ಹೊರಡು ಅಂತ.
"ಈ ಹುಡುಗಿ ಕೈ ಇಟ್ಟಲ್ಲಿ ನೀರು. ಊರಿಗೆ ಮೂರು ಕೊಳವೆಬಾವಿ ಯಾಕ್ರೀ, ಒಂದೇ ಸಾಕು."
ಹೊಟ್ಟೆ ಉರಿಯುತ್ತಿದೆ. ಉರಿಯಲಿ.

ಜೂನ್ 19
ಬಾವಿಯ ಬಳಿ ಬಿಟ್ಟು ಬಂದಿದ್ದ ಟೇಪು ತರಲು ಹೋದೆ. ಪಕ್ಕದ ಹತ್ತಿ ಹೊಲದ ಎರ್ಗಾಶ್ ಆಕಾ ಬಿಡಲಿಲ್ಲ, ರೊಟ್ಟಿ ಮುರಿದಿಟ್ಟ.
"ವಾರದಿಂದ ಓಡ್ತಿದ್ದ ಪಂಪು, ನೀವು ಬಂದ್ರಿ ಅಂತ ನಿಲ್ಸಿಬಿಟ್ಟೆ ತಾಯಿ. ಅತಿಥಿಗಳು ನೀರು ಅಳೀತಿರೋವಾಗ ನಾನು ಎಳ್ಕೊಂಡ್ರೆ ಚೆನ್ನಾಗಿರುತ್ತಾ?"
ರೊಟ್ಟಿ ಕೆಳಗಿಟ್ಟೆ. ಅವನ ಪಂಪು ನಿಂತದ್ದಕ್ಕೆ ನಾವು ಅಳೆಯುತ್ತಿದ್ದ ಬಾವಿಯ ನೀರು ತಾನಾಗಿ ಏರುತ್ತಿತ್ತು. ನಾವು ಇಳಿಸಿದ್ದು ಅದರಲ್ಲಿ ಮುಚ್ಚಿಹೋಯಿತು. ಲೆಕ್ಕವೆಲ್ಲ ಸುಳ್ಳು.
ದಾರಿಯುದ್ದಕ್ಕೂ ನಗು. ಹೇಳುವುದಿಲ್ಲ. ಬಾವಿ ತೋಡಲಿ, ಬತ್ತಲಿ. ಆಗ ನೋಡೋಣ ಜಾಣೆಯ ಮುಖ.

ಜೂನ್ 21
ನೀರು ಸಾಲದಿದ್ದರೆ ಬಿಂದಿಗೆ ಹಿಡಿದು ನಿಲ್ಲುವುದು ಮುಕದ್ದಸ್ ಅಲ್ಲ, ಊರಿನವರು. ಗೊತ್ತು. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚೇ, ಸರಿ.

ಜುಲೈ 2, ಮಧ್ಯಾಹ್ನ
ಮುಕದ್ದಸ್ ಮನೆಗೇ ಬಂದಿದ್ದಾಳೆ, ಕಂಕುಳಲ್ಲಿ ಕರಬೂಜ.
"ಓಪಾ, ವರದಿ ಬೆಳಿಗ್ಗೆ ತಾಷ್ಕೆಂಟಿಗೆ ಹೋಯ್ತು. ಅಳತೆ ನಿಮ್ದಲ್ವಾ, ನಿಮ್ಮ ಹೆಸ್ರೇ ಮೊದ್ಲು ಹಾಕ್ದೆ. ಸೈದುಲ್ಲಾ ಆಕಾ ಒಪ್ಲಿಲ್ಲ, ಜಗಳ ಆಡ್ದೆ."
ಎಷ್ಟು ವರ್ಷ ಕಾದಿದ್ದೆ ಆ ಜಾಗಕ್ಕೆ. ಈಗ ಸುಳ್ಳು ಅಂಕಿಯ ನೆತ್ತಿಯ ಮೇಲೆ ನಾನೇ. ಊರಿಗಾಗಿ ತೆರೆಯದ ಬಾಯಿ, ನನ್ನ ಹೆಸರಿಗೆ ಕುತ್ತು ಬಂದೊಡನೆ ತವಕಿಸುತ್ತಿದೆ. ಥೂ.
ಚಹಾ ತರುತ್ತೇನೆಂದು ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಹೋಗಿ ಹೇಳಲೇಬೇಕು. ಎರ್ಗಾಶನ ಪಂಪಿನ ಮಾತು ಕಷ್ಟವಲ್ಲ. ಅದಾದ ಮೇಲೆ ಅವಳು ಕೇಳುತ್ತಾಳೆ, "ನಿಮಗೆ ಯಾವಾಗ ಗೊತ್ತಾಯ್ತು, ಓಪಾ?"
ಅದಕ್ಕೆ ನಾನು —