ನೀರಿನ ಉತ್ತರಕ್ಕೆ ಬಿದ್ದ ಸೊನ್ನೆ

ಮೌಖಿಕ ಪರೀಕ್ಷೆಯ ಕುರ್ಚಿಯಲ್ಲಿ ಕೂತ ಮಾನ್ಯ ಪರೀಕ್ಷಕರೇ,

ಕಳೆದ ಸೋಮವಾರ ವೈರ್‌ಮನ್ ಪರವಾನಗಿಯ ಪರೀಕ್ಷೆಯಲ್ಲಿ ನೀವು ನನ್ನ ಗಂಡನಿಗೆ ಸೊನ್ನೆ ಕೊಟ್ಟಿರಿ. ಕಾರಣ, ಅವನಿಗೆ ಪಾಠ ಅರ್ಥವಾಗಿತ್ತು. ಮದುವೆಯಾಗಿ ನಲವತ್ತೊಂದು ದಿನ. ಗಂಡನ ಹೆಸರು ಸಿದ್ದು ಎಂದು ಬರೆಯುವಾಗ ನನಗಿನ್ನೂ ನಾಚಿ ನಗು ಉಕ್ಕುತ್ತದೆ. ಅಂಥ ಮನೆಗೆ ಕಲ್ಲು ಹೊಡೆದಿದ್ದೀರಿ. ನಾನು ಸುಮ್ಮನಿರುವವಳಲ್ಲ.

ಅಪರಾಧದ ಮೂಲ ನಾನೇ. ಇಂಗ್ಲಿಷ್ ಮೀಡಿಯಂನಲ್ಲಿ ಓಮ್‌ನ ನಿಯಮವನ್ನು ಗಿಳಿಯಂತೆ ಒಪ್ಪಿಸಿ ತೊಂಬತ್ತು ಅಂಕ ಪಡೆದು, ಫ್ಯೂಸ್ ಹೋದರೆ ಇಂದಿಗೂ ಮೇಣದಬತ್ತಿ ಹುಡುಕುವವಳು ನಾನು. ಸಿದ್ದುಗೆ ಆ ಗತಿ ಬೇಡವೆಂದು, ಹೊಸ ಪಾಠ ತೆರೆಯುವ ಮೊದಲು ಇದರಂಥದ್ದು ನಿನಗೇನು ಗೊತ್ತು ಎಂದು ಕೇಳಿ ಬರೆಸುತ್ತಿದ್ದೆ. ಅವನಿಗೆ ಗೊತ್ತಿದ್ದದ್ದು ನೀರು. ಮಾವ ಗುರುಸಿದ್ದಯ್ಯನವರು ಬೋಗಾದಿಯ ಬಡಾವಣೆಗಳಿಗೆ ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದವರು. ಟ್ಯಾಂಕಿನ ಎತ್ತರ ವೋಲ್ಟೇಜ್ ಆಯಿತು, ಹರಿಯುವ ನೀರು ಕರೆಂಟ್ ಆಯಿತು, ಅರ್ಧ ಮುಚ್ಚಿದ ವಾಲ್ವ್ ರೆಸಿಸ್ಟೆನ್ಸ್. ವರ್ಷದಿಂದ ತಲೆಗೆ ಹತ್ತದ ಪುಸ್ತಕ ಮೂರು ವಾರದಲ್ಲಿ ಹತ್ತಿತು. ಹೋಲಿಕೆ ಎಲ್ಲಿ ಸೋಲುತ್ತದೆ ಎಂಬುದನ್ನೂ ಕಲಿತಿದ್ದ: ಪೈಪ್ ಒಡೆದರೆ ನೀರು ಸುರಿಯುತ್ತದೆ, ವೈರ್ ತುಂಡಾದರೆ ಕರೆಂಟ್ ನಿಂತೇಹೋಗುತ್ತದೆ.

ನೀವು ಅಲ್ಲಿಯವರೆಗೆ ಕೇಳಿದ್ದರೆ ತಾನೇ? ವೋಲ್ಟೇಜ್ ಎಂದರೇನು ಎಂದು ಕೇಳಿ, ಅವನು ಟ್ಯಾಂಕ್ ಎಂದೊಡನೆ ನಕ್ಕಿರಿ. "ಇದು ನಲ್ಲಿ ರಿಪೇರಿ ಪರೀಕ್ಷೆ ಅಲ್ಲ ಕಣಪ್ಪ. ಮುಂದಿನವರು ಬನ್ನಿ" ಎಂದಿರಿ. ಸಾಲಿನಲ್ಲಿದ್ದವರೂ ನಕ್ಕರಂತೆ. ಮುಂದಿನವನು ಪುಸ್ತಕದ ವ್ಯಾಖ್ಯೆ ಒಪ್ಪಿಸಿ ಪಾಸಾದ. ನಾಳೆ ಅವನೇ ನಿಮ್ಮ ಮನೆಗೆ ವೈರಿಂಗ್ ಮಾಡಲಿ ಎಂಬುದು ನನ್ನ ಹೃತ್ಪೂರ್ವಕ ಹಾರೈಕೆ.

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿರುವ ಸಿದ್ದುಗೆ ಅಲ್ಲೇ ವೈರ್‌ಮನ್ ಕೆಲಸ ಕಾದಿದೆ. ತಿಂಗಳ ಕೊನೆಯೊಳಗೆ ಪರವಾನಗಿ ತೋರಿಸದಿದ್ದರೆ ಅದು ಬೇರೆಯವರ ಪಾಲು. ಅಂದು ಮನೆಗೆ ಬಂದವನು ಊಟಕ್ಕೂ ಕೂರಲಿಲ್ಲ.

"ಬುಡು ಕೀರ್ತಿ, ಪುಸ್ತಕದಲ್ಲಿರೋದನ್ನೇ ಹೇಳ್ಬೇಕಿತ್ತು. ನೀನ್ ಹೇಳ್ಕೊಟ್ಟಂಗೆ ಹೇಳಿ ಕೆಟ್ಟೆ" ಎಂದ.

ತನಗೆ ಅರ್ಥವಾಗಿದ್ದಕ್ಕೇ ಅವನು ನಾಚಿಕೆಪಡುವಂತೆ ಮಾಡಿದಿರಲ್ಲ, ಅದಕ್ಕೆ ನಿಮ್ಮನ್ನು ಕ್ಷಮಿಸಲಾರೆ.

ಅಂಕ ಕೊಡುವ ನಿಯಮ ತೋರಿಸಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಯಾಗಿದೆ. ಈ ಪತ್ರದ ಪ್ರತಿ ನಗರದ ಎಲೆಕ್ಟ್ರಿಕಲ್ ಅಂಗಡಿಗಳ ಗೋಡೆಗೂ ಏರಲಿದೆ. ನನ್ನ ಬೇಡಿಕೆ ಇಷ್ಟು: ತಿಂಗಳು ಮುಗಿಯುವ ಮೊದಲು ಸಿದ್ದುಗೆ ಮರುಪರೀಕ್ಷೆ ನಡೆಸಿ, ಉತ್ತರವನ್ನು ಕೊನೆಯವರೆಗೆ ಕೇಳಿ. ಆಮೇಲೆ ಅವನು ನಿಂತ ಜಾಗದಲ್ಲಿ ನೀವು ನಿಂತು, ಪುಸ್ತಕ ಮುಚ್ಚಿಟ್ಟು, ವೋಲ್ಟೇಜ್ ಎಂದರೇನೆಂದು ನಮ್ಮ ಅತ್ತೆ ಸಾಕಮ್ಮನವರಿಗೆ ಅರ್ಥವಾಗುವಂತೆ ಹೇಳಿ. ಅಂಕ ಕೊಡುವವರು ಅವರೇ. ನನ್ನ ಮೊದಲ ಉಪ್ಪಿಟ್ಟಿಗೆ ಹತ್ತಕ್ಕೆ ಮೂರು ಕೊಟ್ಟವರು. ನಿಮಗೆ ಕರುಣೆ ತೋರುವರೆಂಬ ಭರವಸೆ ನನಗಿಲ್ಲ.

ಇಂತಿ,
ಪಾಠ ಅರ್ಥಮಾಡಿಸಿ ಗಂಡನನ್ನು ಫೇಲ್ ಮಾಡಿಸಿದ ಹೆಂಡತಿ,
ಕೀರ್ತಿ, ಬೋಗಾದಿ, ಮೈಸೂರು